ಆಡುವ ರೊಕ್ಕ, ಕುಳಿತ ರೊಕ್ಕ



ಅಕ್ಕಲಕೋಟೆ, ಜತ್ತ ಭಾಗದ ನಿಮಗೆ ಎರಡೂ ಭಾಷೆ ಬರುತ್ತವೆ. ದಿನನಿತ್ಯದ ವ್ಯಾಪಾರ ನಡೆಸುವ ಹಣಕ್ಕೆ ಕನ್ನಡದಲ್ಲಿ ‘ದುಡಿಯುವ ಬಂಡವಾಳ’ ಎನ್ನುತ್ತೇವೆ. ಮರಾಠಿಯಲ್ಲಿ ಅದು ‘ಖೇಳತೆ ಭಾಂಡವಲ’, ಅಂದರೆ ಆಡುವ ಬಂಡವಾಳ. ದುಡಿಯಲಿ, ಆಡಲಿ, ರೊಕ್ಕ ಸುಮ್ಮನೆ ಕುಳಿತಿರಬಾರದು ಎಂಬುದೇ ಎರಡೂ ಮಾತಿನ ತಾತ್ಪರ್ಯ.

ನಿಮ್ಮೂರ ಕಿರಾಣಿ ಅಂಗಡಿಗೆ ಬರುವ ಸಾಬೂನು, ಚಹಾಪುಡಿ, ಬಿಸ್ಕತ್ತು ತಯಾರಿಸುವ ಕಂಪನಿಗಳಿಗೆ ಲಾಭ ಎಲ್ಲಿಂದ ಬರುತ್ತದೆ? ಬೆಲೆಯಿಂದ ಎನ್ನುವಿರಿ. ಅದು ನಿಜವೇ, ಆದರೆ ಪೂರ್ತಿ ಅಲ್ಲ. ದಿನಗಳ ಲೆಕ್ಕದಲ್ಲೂ ಲಾಭವಿದೆ.

ಕಂಪನಿಯೊಂದರ ಖರ್ಚು ದಿನಕ್ಕೆ ಒಂದು ಲಕ್ಷ ರೂಪಾಯಿ ಎನ್ನೋಣ. ಸರಕು ಗೋದಾಮಿನಲ್ಲಿ 40 ದಿನ ಇರುತ್ತದೆ. ಮಾರಿದ ಮೇಲೆ ಹಣ ಬರಲು 20 ದಿನ. ಕಚ್ಚಾಮಾಲು ಕೊಟ್ಟವರಿಗೆ ಕಂಪನಿ ಹಣ ಕೊಡುವುದು 30 ದಿನಕ್ಕೆ. 40ಕ್ಕೆ 20 ಕೂಡಿಸಿ 30 ಕಳೆದರೆ ಉಳಿಯುವುದು 30 ದಿನ. ಅಂದರೆ 30 ಲಕ್ಷ ರೂಪಾಯಿ ಸದಾ ಸಿಕ್ಕಿಕೊಂಡಿರುತ್ತದೆ. ಶೇಕಡ 12ರಂತೆ ಅದರ ಬಡ್ಡಿ ವರ್ಷಕ್ಕೆ 3 ಲಕ್ಷ 60 ಸಾವಿರ. ಗೋದಾಮಿನ 40 ದಿನವನ್ನು 25ಕ್ಕೆ ಇಳಿಸಿದರೆ ಆ ಬಡ್ಡಿ ಅರ್ಧವಾಗುತ್ತದೆ. ಸಾಬೂನಿನ ಬೆಲೆ ಒಂದು ಪೈಸೆ ಏರದೆ 1 ಲಕ್ಷ 80 ಸಾವಿರ ಉಳಿಯಿತು.

ಹಿಂದೂಸ್ತಾನ್ ಯೂನಿಲಿವರ್‌ನಂಥ ದೊಡ್ಡ ಕಂಪನಿಗಳಲ್ಲಿ ಈ ಅಂತರ ಸೊನ್ನೆಗಿಂತ ಕೆಳಗೂ ಇಳಿದದ್ದುಂಟು. ಮಾರಾಟದ ಹಣ ಮೊದಲು ಬರುತ್ತದೆ, ಮಾಲು ಕೊಟ್ಟವರ ಬಾಕಿ ಆಮೇಲೆ ತೀರುತ್ತದೆ.

ಇದಕ್ಕೂ ಮಿತಿಯುಂಟು. ಸರಕು ತೀರಾ ಕಡಿಮೆಯಾದರೆ ದೀಪಾವಳಿಯ ವಾರ ಗಿರಾಕಿ ಬೇರೆ ಸಾಬೂನು ಒಯ್ಯುತ್ತಾನೆ. ಕೊಡುವ ಬಾಕಿಯನ್ನು ಎಳೆದರೆ ಡಬ್ಬಿ, ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಸಣ್ಣ ತಯಾರಕ ಸಾಲಕ್ಕೆ ಬೀಳುತ್ತಾನೆ. ಅದಕ್ಕೆಂದೇ 2006ರ ಕಾಯ್ದೆಯೊಂದು ಇದೆ. ನೋಂದಾಯಿಸಿಕೊಂಡ ಸೂಕ್ಷ್ಮ ಹಾಗೂ ಸಣ್ಣ ತಯಾರಕರಿಗೆ ಹಣ ಕೊಡಲು, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು.

ಆದರೆ ಕೊಂಡು ಮಾರುವ ಅಂಗಡಿಕಾರನಿಗೆ ಈ ಆಸರೆ ಇಲ್ಲ. ಮಾಲಿನ ಗಾಡಿಗೆ ಅವನು ನಗದು ಎಣಿಸಬೇಕು, ಊರಿಗೆ ಸುಗ್ಗಿಯವರೆಗೆ ಉದ್ರಿ ಕೊಡಬೇಕು. ಕಂಪನಿ ಉಳಿಸಿದ ದಿನಗಳು ಅವನ ಉದ್ರಿ ವಹಿಯಲ್ಲಿ ಬಂದು ಕುಳಿತಿರುತ್ತವೆ. 10,000 ರೂಪಾಯಿ ಹಾಕಿ ಸಾವಿರ ಗಳಿಸುವವನ ರೊಕ್ಕ ತಿಂಗಳಿಗೊಮ್ಮೆ ತಿರುಗಿದರೆ ವರ್ಷಕ್ಕೆ 12,000 ಲಾಭ. ನಾಲ್ಕು ತಿಂಗಳಿಗೊಮ್ಮೆ ತಿರುಗಿದರೆ ಬರೇ 3,000. ಸರಕು ಅದೇ, ಬೆಲೆ ಅದೇ. ಬದಲಾದದ್ದು ದಿನ.

ಅಂಗಡಿಕಾರ ಬಂಧುಗಳೇ, ಉದ್ರಿ ವಹಿಯಲ್ಲಿ ಮೊತ್ತದ ಪಕ್ಕ ತಾರೀಖನ್ನೂ, ಎಷ್ಟು ದಿನವಾಯಿತೆಂಬುದನ್ನೂ ಬರೆಯಿರಿ. ಉದ್ರಿ ಒಯ್ಯುವವರೇ, ಹೇಳಿದ ದಿನಕ್ಕೆ ಕೊಟ್ಟುಬಿಡಿ. ಊರ ಅಂಗಡಿಯ ಬಾಗಿಲು ತೆರೆದಿರುವುದು ಅದರಿಂದಲೇ.