ಕೆಟ್ಟ ಟೇಪ್ ರಿಕಾರ್ಡರ್, ಉಳಿಯಬೇಕಾದ ದನಿ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ಟ್ರಂಕಿನೊಳಗೋ ಒಂದು ಟೇಪ್ ರಿಕಾರ್ಡರ್ ಇನ್ನೂ ಕುಳಿತಿರುವುದುಂಟು. ಗುಂಡಿ ಒತ್ತಿದರೆ ಗರ್ ಎನ್ನುತ್ತದೆ, ಹಾಡು ಎಳೆಯುತ್ತದೆ, ಕೆಲವೊಮ್ಮೆ ಕ್ಯಾಸೆಟ್ಟಿನ ರೀಲನ್ನೇ ನುಂಗಿಬಿಡುತ್ತದೆ. ಇದನ್ನು ರಿಪೇರಿ ಮಾಡಿಸಬೇಕೋ, ಮೋಡಕಾದವನಿಗೆ ಹಾಕಿ ಹೊಸದೊಂದನ್ನು ಕೊಳ್ಳಬೇಕೋ? ಪ್ರಶ್ನೆ ಸಣ್ಣದು. ಆದರೆ ಯಂತ್ರದ ಬೆಲೆಯೊಂದನ್ನೇ ಲೆಕ್ಕ ಹಾಕಿದರೆ ಇದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲಿ ಒಂದು. ಆ ಪದಗಳು ಇಂದಿಗೂ ಓದಲು ಸಿಗುತ್ತವೆ. ಆದರೆ ಹಾಡಿದವರ ದನಿ ಸಿಗುವುದಿಲ್ಲ. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಅದು ಹಳ್ಳಿಯ ಕಟ್ಟೆಯವರೆಗೆ ಬರಲು ಇನ್ನೂ ಬಹಳ ಕಾಲವಿತ್ತು. ಅಕ್ಷರ ಉಳಿಯಿತು, ಕಂಠ ಹೋಯಿತು. ಟೇಪ್ ರಿಕಾರ್ಡರಿನ ಮಹತ್ವ ತಿಳಿಯಬೇಕಾದರೆ ಈ ನಷ್ಟವನ್ನು ಮೊದಲು ನೆನೆಯಬೇಕು.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಸೀಮೆಯ ಜನರಿಗೆ ಹಾಡು ಗಾಳಿಯಲ್ಲಿ ಬರತೊಡಗಿತು. ಟ್ರಾನ್ಸಿಸ್ಟರ್ ಬಂದಾಗ ರೇಡಿಯೋ ಹೆಗಲಿಗೇರಿ ಹೊಲಕ್ಕೂ ಹೋಯಿತು. ಆದರೆ ರೇಡಿಯೋ ಕೊಟ್ಟದ್ದನ್ನು ಕೇಳಬೇಕಿತ್ತೇ ಹೊರತು ಬೇಕಾದ್ದನ್ನು ಕೇಳುವಂತಿರಲಿಲ್ಲ. ಆ ಸ್ವಾತಂತ್ರ್ಯ ತಂದದ್ದು ಕ್ಯಾಸೆಟ್. ಹಾಲೆಂಡಿನ ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಹೊರತಂದಿತು. 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ತಂದಾಗ ಹಾಡು ಕಿಸೆಗೆ ಇಳಿಯಿತು. ಭಾರತದಲ್ಲಿ ಎಂಬತ್ತರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳು ಹಳ್ಳಿಹಳ್ಳಿಗೆ ತಲುಪಿದವು. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ದೊಡ್ಡ ಕಂಪನಿ ಆರಿಸಿದವರಿಗಷ್ಟೇ ದನಿ ದಾಖಲಿಸುವ ಭಾಗ್ಯವಿತ್ತು. ಕ್ಯಾಸೆಟ್ ಬಂದ ಮೇಲೆ ಊರ ಭಜನಾ ಮೇಳಕ್ಕೂ ಆ ಬಾಗಿಲು ತೆರೆಯಿತು.

ಹೀಗಾಗಿ ಈ ಭಾಗದ ಪೆಟ್ಟಿಗೆಗಳಲ್ಲಿ ಎರಡು ಬಗೆಯ ಕ್ಯಾಸೆಟ್ಟುಗಳಿವೆ. ಒಂದು, ಅಂಗಡಿಯಲ್ಲಿ ಕೊಂಡ ಚಿತ್ರಗೀತೆ, ಭಕ್ತಿಗೀತೆ, ನಾಟಕದ ಹಾಡುಗಳು. ಇನ್ನೊಂದು, ಮನೆಯವರೇ ಟೇಪ್ ಮಾಡಿಕೊಂಡವು: ರಾತ್ರಿಯಿಡೀ ನಡೆದ ಶ್ರೀಕೃಷ್ಣ ಪಾರಿಜಾತ, ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋದಾಗ ಕೇಳಿದ ಚೌಡಿಕೆ ಪದ, ಡೊಳ್ಳಿನ ಪದ, ಅಜ್ಜಿಯ ಬೀಸುವ ಕಲ್ಲಿನ ಹಾಡು, ಮದುವೆಯ ಸೋಬಾನೆ. ಮೊದಲನೆಯ ಬಗೆ ಬೇರೆಡೆ ಸಿಕ್ಕೀತು. ಎರಡನೆಯದಕ್ಕೆ ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡರು. ಅಂಥ ದೊಡ್ಡ ನಟರ ದನಿ ಕಾಯಲು ಆಕಾಶವಾಣಿಯಂಥ ಸಂಸ್ಥೆಗಳಿವೆ. ಊರಲ್ಲಷ್ಟೇ ಹೆಸರಾದ ಹಾಡುಗಾರನ ದನಿ ಕಾಯಲು ಇರುವುದು ಆ ಮನೆಯ ಟ್ರಂಕು ಮಾತ್ರ.

ಇನ್ನು ಯಂತ್ರದ ಮಾತು. ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪಟ್ಟಿ. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡಿನ ಮುಂದೆ ಸಾಗಬೇಕು. ಆ ವೇಗ ಕಾಯುವುದು ಒಂದು ಸಣ್ಣ ಮೋಟರು, ಒಂದು ರಬ್ಬರ್ ಬೆಲ್ಟು, ಒಂದು ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಂಡ ರಬ್ಬರ್ ಗಾಲಿ. ವರ್ಷಗಳಲ್ಲಿ ಬೆಲ್ಟು ಸಡಿಲಾಗುತ್ತದೆ, ಕೆಲವೊಮ್ಮೆ ಕರಗಿ ಡಾಂಬರಿನಂತೆ ಅಂಟುತ್ತದೆ. ವೇಗ ನೂರಕ್ಕೆ ಆರು ಪಾಲು ತಗ್ಗಿದರೆ ಸಾಕು, ಇಡೀ ಹಾಡು ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗಿಳಿಯುತ್ತದೆ. ಹಾರ್ಮೋನಿಯಂನ ಕರಿ ಎರಡರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ಗಾಲಿ ಗಟ್ಟಿಯಾಗಿ ನುಣುಪಾದರೆ ರೀಲು ಸುತ್ತಿಕೊಳ್ಳುತ್ತದೆ. ಹೆಡ್ಡಿಗೆ ಕಂದು ಪುಡಿ ಹತ್ತಿದರೆ ದನಿ ಮಂಕಾಗುತ್ತದೆ. ಸೆಲ್ಲು ಸೋರಿದರೆ ಸ್ಪ್ರಿಂಗು ಕಿಲುಬು ಹಿಡಿಯುತ್ತದೆ.

ಇವೆಲ್ಲ ನೆಗಡಿ ಕೆಮ್ಮಿನಂಥ ಕಾಯಿಲೆಗಳು. ಸ್ಪಿರಿಟ್ ಹಚ್ಚಿದ ಹತ್ತಿ, ಹೊಸ ಬೆಲ್ಟು, ಚೂರು ಉಜ್ಜುವ ಕಾಗದ, ಇಷ್ಟರಲ್ಲೇ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಆದರೆ ಹೆಡ್ಡೇ ಸವೆದಿದ್ದರೆ, ಪ್ಲಾಸ್ಟಿಕ್ಕಿನ ಹಲ್ಲಿನ ಚಕ್ರ ಮುರಿದಿದ್ದರೆ, ಈಗ ಯಾರೂ ತಯಾರಿಸದ ಐಸಿ ಸುಟ್ಟಿದ್ದರೆ, ಅದು ದೊಡ್ಡ ಕಾಯಿಲೆ. ಅಂಥದ್ದೇ ಇನ್ನೊಂದು ಹಳೆಯ ಯಂತ್ರ ಸಿಕ್ಕರೆ ಅದರ ಅಂಗ ಇದಕ್ಕೆ ಜೋಡಿಸಬಹುದು, ಸಿಗದಿದ್ದರೆ ಇಲ್ಲ. ಆದ್ದರಿಂದ ಮೊದಲು ಆಗಬೇಕಾದ್ದು ತೀರ್ಪಲ್ಲ, ಪರೀಕ್ಷೆ. ತಾಲ್ಲೂಕು ಪೇಟೆಯಲ್ಲಿ ಟಿವಿ, ರೇಡಿಯೋ ದುರಸ್ತಿ ಮಾಡುತ್ತಿದ್ದ ಅಂಗಡಿಗಳಲ್ಲಿ ಎಷ್ಟೋ ಈಗ ಮೊಬೈಲ್ ಅಂಗಡಿಗಳಾಗಿವೆ. ಆದರೂ ಕಸುಬು ಬಲ್ಲ ಹಿರಿಯ ಕೈಯೊಂದು ಸಿಕ್ಕರೆ ಅದು ತಿರುಗಿಸಿ ನೋಡಿ, "ಯಜಮಾನ್ರ, ಬೆಲ್ಟ್ ಅಷ್ಟ ಹೋಗೇತ್ರಿ, ಹೆಡ್ ಚಲೋ ಐತಿ" ಎಂದು ಹೇಳಬಲ್ಲದು. ಆ ಒಂದು ಮಾತಿಗೆ ಬೆಲೆಯಿದೆ.

ಹೊಸದು ಕೊಳ್ಳುವುದು ಸುಲಭವಲ್ಲವೇ ಎಂದು ಕೇಳಬಹುದು. ಸೋನಿ ಕಂಪನಿ 2010ರಲ್ಲಿ ಜಪಾನಿನ ಮಾರುಕಟ್ಟೆಗೆ ಕ್ಯಾಸೆಟ್ ವಾಕ್‌ಮನ್ ಕಳಿಸುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಆಪಲ್ ಕಂಪನಿಯ ಐಪಾಡ್ 2001ರಲ್ಲಿ ಹುಟ್ಟಿ 2022ರಲ್ಲಿ ತಾನೂ ನಿಂತಿತು. ಸಾರೆಗಮ ಕಂಪನಿ 2017ರಲ್ಲಿ ಐದು ಸಾವಿರ ಹಿಂದಿ ಹಾಡು ತುಂಬಿದ 'ಕಾರವಾನ್' ಪೆಟ್ಟಿಗೆಯನ್ನು ಹಳೆಯ ಟ್ರಾನ್ಸಿಸ್ಟರಿನ ರೂಪದಲ್ಲೇ ತಂದಿತು. ಗುಂಡಿ ತಿರುಗಿಸಿ ಹಾಡು ಕೇಳಿ ರೂಢಿಯಾದ ಹಿರಿಯರಿಗೆ ಅದು ಹಿಡಿಸಿತು. ಸಿನಿಮಾ ಹಾಡಷ್ಟೇ ಬೇಕಾದವರಿಗೆ ಇಂಥ ಪೆಟ್ಟಿಗೆ ಅಥವಾ ಕಿಸೆಯ ಮೊಬೈಲೇ ಸಾಕು. ಆದರೆ ಐದು ಸಾವಿರ ಹಾಡಿದ್ದರೂ ಅದರಲ್ಲಿ ಅಜ್ಜಿಯ ಹಾಡು ಒಂದೂ ಇರುವುದಿಲ್ಲ.

ಹೊಸ ಸಾಧನಗಳಿಗೆ ಇನ್ನೊಂದು ದೋಷವಿದೆ. ಹಳೆಯ ಟೇಪ್ ರಿಕಾರ್ಡರಿನ ಸೆಲ್ಲು ಮುಗಿದರೆ ಅಂಗಡಿಯಿಂದ ತಂದು ಹಾಕುತ್ತಿದ್ದರು. ಸಣ್ಣ ಎಂಪಿ3 ಪ್ಲೇಯರುಗಳಲ್ಲಿ ಎಷ್ಟೋ ಸಲ ಲಿಥಿಯಂ ಬ್ಯಾಟರಿಯನ್ನು ಒಳಗೇ ಅಂಟಿಸಿರುತ್ತಾರೆ. ಅದು ಸತ್ತರೆ ಒಳ್ಳೆಯ ಯಂತ್ರವೂ ಅದರೊಡನೆ ಸಾಯುತ್ತದೆ. ಊದಿಕೊಂಡ ಅಂಥ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತೀತು. ತಿಪ್ಪೆಗೆ ಎಸೆದರೆ ಮಣ್ಣಿಗೆ ವಿಷ. ಈ ಬಗೆಯ ತಯಾರಿಕೆಯ ವಿರುದ್ಧ 'ದುರಸ್ತಿಯ ಹಕ್ಕು' ಎಂಬ ಕೂಗು ಎದ್ದಿದೆ. ಫ್ರಾನ್ಸ್ 2021ರಿಂದ ಕೆಲವು ವಸ್ತುಗಳ ಮೇಲೆ ದುರಸ್ತಿ ಎಷ್ಟು ಸುಲಭ ಎಂಬುದಕ್ಕೆ ಹತ್ತಕ್ಕೆ ಇಂತಿಷ್ಟು ಅಂಕ ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಇದಕ್ಕಾಗಿ ಸಮಿತಿ ನೇಮಿಸಿ, ಅದೇ ಡಿಸೆಂಬರ್ 24ರಂದು ಮಾಹಿತಿಯ ಜಾಲತಾಣ ತೆರೆಯಿತು. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ನೇಗಿಲ ಕುಳವನ್ನು ಕಮ್ಮಾರನಲ್ಲಿ ಹಣಿಸಿ ಮತ್ತೆ ಉಳುವ ರೈತನಿಗೆ ಈ ತತ್ವವನ್ನು ಯಾರೂ ಕಲಿಸಬೇಕಿಲ್ಲ.

ಹಾಗಾದರೆ ನಿರ್ಧಾರ ಹೇಗೆ? ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಕೆಟ್ಟಿರುವುದು ಏನು? ಅದರ ಭಾಗ, ಅದನ್ನು ಕೂರಿಸುವ ಕೈ ಎರಡೂ ಸಿಗುತ್ತವೆಯೇ? ಈ ಯಂತ್ರವಿಲ್ಲದೆ ಕೇಳಲಾಗದ ದನಿ ಮನೆಯಲ್ಲಿದೆಯೇ? ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಲೆಕ್ಕ ಬರೀ ರೂಪಾಯಿಯದು. ಮೂಗಿಗಿಂತ ಮೂಗುತಿ ಭಾರ ಎನ್ನಿಸಿದರೆ ಯಂತ್ರವನ್ನು ಬಿಟ್ಟುಕೊಡಬಹುದು, ತಪ್ಪಿಲ್ಲ. ಉತ್ತರ ಇದೆ ಎಂದಾದರೆ ರಿಪೇರಿಯ ಖರ್ಚು ಯಂತ್ರಕ್ಕಲ್ಲ, ಆ ದನಿಗೆ. ಆಗಲೂ ಯಂತ್ರ ಶಾಶ್ವತವಾಗಿ ಬದುಕಬೇಕೆಂದಿಲ್ಲ. ಕ್ಯಾಸೆಟ್ಟುಗಳನ್ನು ಒಮ್ಮೆ ಪೂರ್ತಿ ನುಡಿಸುವಷ್ಟು ದಿನ ಬದುಕಿದರೆ ಸಾಕು.

ಅದಕ್ಕೂ ಒಂದು ಕ್ರಮವಿದೆ. ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮೊದಲು ಮುರಿಯಬೇಕು. ಆಗ ಕೈತಪ್ಪಿಯೂ ಹಳೆಯದರ ಮೇಲೆ ಹೊಸದು ದಾಖಲಾಗದು. ರಿಪೇರಿಯಾದ ಯಂತ್ರದಲ್ಲಿ ಮೊದಲು ಬೇಡವಾದ ಕ್ಯಾಸೆಟ್ ಹಾಕಿ ನೋಡಬೇಕು. ಅನಂತರ ಇಯರ್‌ಫೋನಿನ ತೂತಿನಿಂದ ತಂತಿ ಎಳೆದು ಕಂಪ್ಯೂಟರಿಗೆ ದನಿ ಇಳಿಸಿಕೊಳ್ಳಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಇದರಲ್ಲಿ ಅವಸರ ನಡೆಯದು. ಇಳಿಸಿದ್ದನ್ನು ಎರಡು ಕಡೆ ಇಟ್ಟು, ಹಾಡಿದವರ ಹೆಸರು, ಊರು, ವರ್ಷ ಬರೆದಿಡಬೇಕು. ದನಿ ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು. ಬೆಲ್ಟು ನಾಳೆಯೂ ಸಿಕ್ಕೀತು; ಹಾಡು ಕೇಳಿ ಇದು ಇಂಥವರದೆಂದು ಹೇಳುವವರು ನಾಳೆ ಇರುತ್ತಾರೆಂಬ ಖಾತ್ರಿಯಿಲ್ಲ.