ಕಂಪನಿ ಕಾರು: ಕೀಲಿ ಕೈಗೆ ತಗೊಳ್ಳೋ ಮುಂಚೆ ಒಂದು ಲೆಕ್ಕ

(ನಮ್ಮ ಬಳಗದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

ತೆರಿಗೆ ಅಂದ ಕೂಡಲೇ ಅರ್ಧ ಜನಕ್ಕೆ ಆಕಳಿಕೆ ಬರುತ್ತೆ, ಅದರಲ್ಲೂ ಊಟಕ್ಕೆ ಮುಂಚೆ. ಆದರೆ ಇವತ್ತಿನ ವಿಷಯ ನಮ್ಮ ನಿಮ್ಮ ಜೇಬಿನದು. ನಮ್ಮಲ್ಲಿ ಸಾಫ್ಟ್‌ವೇರ್‌ನವರಿದ್ದೀರಿ, ಸೈಟ್ ಇಂಜಿನಿಯರ್‌ಗಳಿದ್ದೀರಿ, ಮನೆ ಮನೆಗೆ ಹೋಗಿ ವಯಸ್ಸಾದವರನ್ನ ನೋಡಿಕೊಳ್ಳೋ ಕೇರ್ ಕೆಲಸದವರೂ ಇದ್ದೀರಿ. ಬ್ರಿಟನ್ನಿನಲ್ಲಿ ಕೆಲಸಕ್ಕೂ ಕಾರಿಗೂ ಮೂರು ರೀತಿಯ ನಂಟು ಇರುತ್ತೆ. ಒಂದು, ಕಂಪನಿಯೇ ಕಾರು ಕೊಡೋದು. ಎರಡು, ಕಾರಿನ ಬದಲು ತಿಂಗಳಿಗೆ ಇಷ್ಟು ಅಂತ ಅಲೋಯನ್ಸ್ ಕೊಡೋದು. ಮೂರು, ನಮ್ಮ ಸ್ವಂತ ಕಾರನ್ನ ಕಂಪನಿ ಕೆಲಸಕ್ಕೆ ಓಡಿಸೋದು. ಮೂರಕ್ಕೂ ತೆರಿಗೆ ಬೇರೆ ಬೇರೆ. ನಾನು ಹೇಳೋ ಅಂಕಿಗಳು 2025-26ರ ತೆರಿಗೆ ವರ್ಷದವು, ಅಂದರೆ 2025ರ ಏಪ್ರಿಲ್ 6ರಿಂದ 2026ರ ಏಪ್ರಿಲ್ 5ರವರೆಗೆ. ತೆರಿಗೆ ದರ ಇಂಗ್ಲೆಂಡಿನದು. ಸ್ಕಾಟ್ಲೆಂಡಿನಲ್ಲಿ ಇರೋರಿಗೆ ದರ ಬೇರೆ.

ಮೊದಲು ನಮ್ಮ ಹಳೆಯ ಅಭ್ಯಾಸದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವರಿಗೆ ಕಂಪನಿ ಕಾರು ಅಂದರೆ ಹೆಚ್ಚು ಕಡಿಮೆ ಪುಕ್ಕಟೆ ಅನ್ನೋ ಭಾವನೆ ಇದೆ. ಅದಕ್ಕೆ ಕಾರಣವೂ ಇದೆ. ಅಲ್ಲಿ ಎಷ್ಟೋ ವರ್ಷ ಇದ್ದ ನಿಯಮದಲ್ಲಿ, ಆಫೀಸಿಗೂ ಮನೆಗೂ ಬಳಸೋ ಕಾರಿನ ಖರ್ಚನ್ನೆಲ್ಲ ಕಂಪನಿ ನೋಡಿಕೊಂಡರೆ, 1.6 ಲೀಟರ್ ಒಳಗಿನ ಎಂಜಿನ್‌ಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2,400 ರೂಪಾಯಿ, ಡ್ರೈವರ್ ಇದ್ದರೆ ಇನ್ನೊಂದು 900 ರೂಪಾಯಿ ಮಾತ್ರ ನಮ್ಮ ಆದಾಯಕ್ಕೆ ಸೇರುತ್ತಿತ್ತು. ಕಾರು ಎಂಟು ಲಕ್ಷದ್ದೋ ಮೂವತ್ತು ಲಕ್ಷದ್ದೋ ಯಾರೂ ಕೇಳುತ್ತಿರಲಿಲ್ಲ.

ಇಲ್ಲಿ ಹಾಗಿಲ್ಲ. ಇಲ್ಲಿನ ತೆರಿಗೆ ಇಲಾಖೆ, ಎಚ್‌ಎಂಆರ್‌ಸಿ, ಎರಡು ವಿಷಯ ನೋಡುತ್ತೆ: ಕಾರಿನ ಬೆಲೆ ಎಷ್ಟು, ಅದು ಎಷ್ಟು ಹೊಗೆ ಉಗುಳುತ್ತೆ. ನೀವು ಎಷ್ಟು ಓಡಿಸಿದಿರಿ ಅನ್ನೋದನ್ನ ನೋಡೋದಿಲ್ಲ. ಈ ಮಾತು ನೆನಪಿಡಿ. ಕಾರು ನಿಮ್ಮ ಅಥವಾ ನಿಮ್ಮ ಮನೆಯವರ ಸ್ವಂತ ಬಳಕೆಗೆ ಸಿಗೋ ಹಾಗಿದ್ದರೆ ಸಾಕು, ತೆರಿಗೆ ಬಿತ್ತು. "ನಾನು ಆಫೀಸಿಗೆ ಹೋಗೋದಕ್ಕೆ ಮಾತ್ರ ಬಳಸ್ತೀನಿ ಸಾರ್" ಅಂದರೂ ಪ್ರಯೋಜನ ಇಲ್ಲ. ಮನೆಯಿಂದ ದಿನಾ ಹೋಗೋ ಆಫೀಸಿಗೆ ಓಡಾಡೋದು ಈ ಕಾನೂನಿನ ಕಣ್ಣಲ್ಲಿ ಸ್ವಂತ ಬಳಕೆಯೇ.

ಒಂದು ಉದಾಹರಣೆ ತಗೊಳ್ಳೋಣ. ಪೆಟ್ರೋಲ್ ಕಾರು, ಬೆಲೆ 30,000 ಪೌಂಡ್, ಹೊಗೆ ಕಿಲೋಮೀಟರಿಗೆ 130 ಗ್ರಾಂ. ಬೆಲೆ ಅಂದರೆ ಕಾರು ಹೊಸದಾಗಿದ್ದಾಗಿನ ಪಟ್ಟಿ ಬೆಲೆ, ವ್ಯಾಟ್ ಮತ್ತು ಹೆಚ್ಚುವರಿ ಫಿಟಿಂಗ್ ಎಲ್ಲಾ ಸೇರಿ. ಕಂಪನಿ ಡಿಸ್ಕೌಂಟಲ್ಲಿ ಕೊಂಡಿತೋ ಸೆಕೆಂಡ್ ಹ್ಯಾಂಡ್ ಕೊಂಡಿತೋ ಲೆಕ್ಕಕ್ಕಿಲ್ಲ. 130 ಗ್ರಾಂಗೆ 2025-26ರ ದರ ಶೇಕಡಾ 32. ಅಂದರೆ 9,600 ಪೌಂಡ್ ನಿಮ್ಮ ಆದಾಯಕ್ಕೆ ಸೇರಿದ ಹಾಗೆ. ಶೇಕಡಾ 20ರ ತೆರಿಗೆಯವರಿಗೆ ವರ್ಷಕ್ಕೆ 1,920, ತಿಂಗಳಿಗೆ 160 ಪೌಂಡ್. ಶೇಕಡಾ 40ರವರಿಗೆ ತಿಂಗಳಿಗೆ 320.

ಈಗ ಎಲೆಕ್ಟ್ರಿಕ್ ಕಾರು, ಬೆಲೆ 40,000 ಪೌಂಡ್. ಹೊಗೆ ಸೊನ್ನೆ, ದರ ಶೇಕಡಾ 3. ಆದಾಯಕ್ಕೆ ಸೇರೋದು 1,200 ಪೌಂಡ್ ಅಷ್ಟೇ. ಶೇಕಡಾ 20ರವರಿಗೆ ತಿಂಗಳಿಗೆ 20 ಪೌಂಡ್, ಶೇಕಡಾ 40ರವರಿಗೆ 40. ಕಾರಿನ ಬೆಲೆ ಜಾಸ್ತಿ, ತೆರಿಗೆ ಎಂಟನೇ ಒಂದು ಭಾಗ! ಆದರೆ ಇದು ಹೀಗೇ ಇರೋದಿಲ್ಲ. ಮುಂದಿನ ದರ ಈಗಲೇ ಗೊತ್ತುಪಡಿಸಿದ್ದಾರೆ: 2026-27ಕ್ಕೆ ಶೇಕಡಾ 4, ಆಮೇಲೆ 5, ಆಮೇಲೆ 7, 2029-30ಕ್ಕೆ 9. ನಾಲ್ಕು ವರ್ಷದ ಒಪ್ಪಂದಕ್ಕೆ ಸಹಿ ಹಾಕೋರು ಮೊದಲ ವರ್ಷದ ಲೆಕ್ಕ ಮಾತ್ರ ನೋಡಬೇಡಿ, ಕೊನೆಯ ವರ್ಷದ್ದನ್ನೂ ನೋಡಿ.

ಇನ್ನೊಂದು ಸೂಕ್ಷ್ಮ ಇದೆ. ನಿಮ್ಮ ಸಂಬಳ 45,000 ಅಂತಿಟ್ಟುಕೊಳ್ಳಿ. "ನಾನು ಶೇಕಡಾ 20ರವನು" ಅಂತ ನೀವು ನಿಶ್ಚಿಂತೆಯಿಂದ ಇದ್ದೀರಿ. ಆ ಪೆಟ್ರೋಲ್ ಕಾರಿನ 9,600 ಸೇರಿದರೆ 54,600 ಆಯ್ತು. ಶೇಕಡಾ 40 ಶುರುವಾಗೋದು 50,270 ದಾಟಿದ ಮೇಲೆ. ಹಾಗಾಗಿ ಮೇಲಿನ 4,330 ಪೌಂಡಿಗೆ ದುಪ್ಪಟ್ಟು ದರ. ಕಾರಿನಿಂದಾಗಿ ನೀವು ಮೇಲಿನ ಮೆಟ್ಟಿಲು ಹತ್ತಿದ್ದು ಪೇಸ್ಲಿಪ್ ಬಂದ ಮೇಲೆ ಗೊತ್ತಾಗುತ್ತೆ.

ಪೇಸ್ಲಿಪ್ಪಿನಲ್ಲಿ ಇದು ಕಾಣಿಸೋದು ಸಾಮಾನ್ಯವಾಗಿ ಟ್ಯಾಕ್ಸ್ ಕೋಡಿನ ಮೂಲಕ. ನಮ್ಮಲ್ಲಿ ಬಹಳ ಜನರ ಕೋಡ್ 1257ಎಲ್. ಅಂದರೆ 12,570 ಪೌಂಡಿನವರೆಗೆ ತೆರಿಗೆ ಇಲ್ಲ. ಅದರಿಂದ 9,600 ಕಳೆದರೆ ಉಳಿಯೋದು 2,970, ಕೋಡ್ 297ಎಲ್ ಆಗುತ್ತೆ. ಕೋಡ್ ಬದಲಾಯ್ತು ಅಂತ ಗಾಬರಿ ಆಗಬೇಡಿ. ನಿಜವಾಗಿ ಎಚ್ಚರ ಆಗಬೇಕಾದ್ದು ಕಾರು ಬಂದು ಮೂರು ನಾಲ್ಕು ತಿಂಗಳಾದರೂ ಕೋಡ್ ಬದಲಾಗದೇ ಇದ್ದರೆ. ಆ ತೆರಿಗೆ ಎಲ್ಲೂ ಹೋಗಿರೋದಿಲ್ಲ, ಸಾಲದ ಹಾಗೆ ಬೆಳೀತಾ ಇರುತ್ತೆ. ಆನ್‌ಲೈನಿನಲ್ಲಿ ನಿಮ್ಮ ಪರ್ಸನಲ್ ಟ್ಯಾಕ್ಸ್ ಅಕೌಂಟ್ ತೆಗೆದು, ಕಾರಿನ ವಿವರ ಇದೆಯಾ, ಬೆಲೆ ಸರಿ ಇದೆಯಾ ನೋಡಿ. ಕಾರು ವಾಪಸ್ ಕೊಟ್ಟ ಮೇಲೂ ಅಷ್ಟೇ, ಅದರ ಹೆಸರು ಅಲ್ಲಿಂದ ಹೋಯ್ತಾ ಅಂತ ನೋಡಿ.

ಇನ್ನು ಪೆಟ್ರೋಲ್ ಕಾರ್ಡ್. "ಕಾರಿನ ಜೊತೆ ಪೆಟ್ರೋಲೂ ಫ್ರೀ" ಅಂದರೆ ಯಾರಿಗೆ ಖುಷಿ ಆಗಲ್ಲ? ಆದರೆ ಸ್ವಂತ ಓಡಾಟಕ್ಕೂ ಕಂಪನಿ ಪೆಟ್ರೋಲ್ ಹಾಕಿಸಿದರೆ ಪ್ರತ್ಯೇಕ ತೆರಿಗೆ ಇದೆ. 2025-26ರಲ್ಲಿ 28,200 ಪೌಂಡ್ ಅನ್ನೋ ಒಂದು ನಿಗದಿತ ಅಂಕಿಗೆ ಅದೇ ಶೇಕಡಾವಾರು ಹಾಕ್ತಾರೆ. ನಮ್ಮ ಉದಾಹರಣೆಯಲ್ಲಿ 28,200ಕ್ಕೆ ಶೇಕಡಾ 32 ಅಂದರೆ 9,024. ಅದಕ್ಕೆ ಶೇಕಡಾ 20ರಂತೆ ವರ್ಷಕ್ಕೆ ಸುಮಾರು 1,805 ಪೌಂಡ್ ತೆರಿಗೆ, ಶೇಕಡಾ 40ರವರಿಗೆ ಸುಮಾರು 3,610. ವರ್ಷವಿಡೀ ಸ್ವಂತಕ್ಕೆ ಸಾವಿರ ಪೌಂಡಿನ ಪೆಟ್ರೋಲ್ ಸುಡೋ ಮನುಷ್ಯ 1,805 ತೆರಿಗೆ ಯಾಕೆ ಕಟ್ಟಬೇಕು? ಇಲ್ಲಿ ಅರ್ಧಂಬರ್ಧ ನಡೆಯಲ್ಲ. ಸ್ವಂತ ಓಡಾಟದ ಪೆಟ್ರೋಲ್ ಹಣವನ್ನ, ಮನೆ-ಆಫೀಸ್ ಓಡಾಟದ್ದೂ ಸೇರಿ, ಪೂರ್ತಿ ವಾಪಸ್ ಕಟ್ಟಿದರೆ ಈ ತೆರಿಗೆ ಇಲ್ಲ. ಸ್ವಲ್ಪ ಬಾಕಿ ಉಳಿಸಿಕೊಂಡರೂ ಇದೆ. ಎಲೆಕ್ಟ್ರಿಕ್ ಕಾರಿಗೆ ಈ ಪೆಟ್ರೋಲ್ ತೆರಿಗೆ ಅನ್ವಯಿಸೋದಿಲ್ಲ, ಯಾಕೆಂದರೆ ಈ ಲೆಕ್ಕದಲ್ಲಿ ಕರೆಂಟು ಇಂಧನ ಅಲ್ಲ.

ಊರಿಗೆ ಹೋಗೋರಿಗೆ ಒಂದು ಮಾತು. ನಾವು ಹೋದರೆ ಐದಾರು ವಾರ ಹೋಗೋರು. ಅಷ್ಟು ದಿನ ಕಾರು ಮನೆ ಮುಂದೆ ಸುಮ್ಮನೆ ನಿಂತಿದ್ದರೂ ತೆರಿಗೆ ಓಡ್ತಾನೇ ಇರುತ್ತೆ. ಕಾರು ಬಳಕೆಗೆ ಸಿಗಲೇ ಇಲ್ಲ ಅನ್ನೋ ಅವಧಿ ಒಟ್ಟಿಗೆ 30 ದಿನ ಅಥವಾ ಹೆಚ್ಚು ಇದ್ದರೆ ಮಾತ್ರ ಅಷ್ಟು ದಿನದ್ದು ಕಳೀತಾರೆ. ಹಾಗಾಗಿ ಕಾರನ್ನ ನಿಜವಾಗಿ ಕಂಪನಿಯ ವಶಕ್ಕೆ ಕೊಟ್ಟಿರಬೇಕು, ಮನೆಯವರಿಗೂ ಸಿಗಬಾರದು, ಅದಕ್ಕೆ ಬರವಣಿಗೆಯ ದಾಖಲೆ ಇರಬೇಕು. ಹೋಗೋ ಮುಂಚೆಯೇ ಎಚ್‌ಆರ್ ಹತ್ತಿರ ಮಾತಾಡಿ.

ಎರಡನೆಯದು ಅಲೋಯನ್ಸ್. ತಿಂಗಳಿಗೆ 500 ಪೌಂಡ್ ಕಾರ್ ಅಲೋಯನ್ಸ್ ಅಂದಿಟ್ಟುಕೊಳ್ಳಿ. ಇದು ಸಂಬಳದ ಹಾಗೆಯೇ. ಇದರ ಮೇಲೆ ತೆರಿಗೆಯೂ ಇದೆ, ನ್ಯಾಷನಲ್ ಇನ್ಶೂರೆನ್ಸೂ ಇದೆ. ಶೇಕಡಾ 20 ಮತ್ತು 8 ಕಳೆದರೆ ಕೈಗೆ ಬರೋದು 360. ಶೇಕಡಾ 40ರವರಿಗೆ 40 ಮತ್ತು 2 ಕಳೆದು 290. ಕಂಪನಿ ಕಾರಿನ ಮೇಲೆ ನೌಕರರಿಗೆ ನ್ಯಾಷನಲ್ ಇನ್ಶೂರೆನ್ಸ್ ಇಲ್ಲ. ಅದನ್ನ ಕಂಪನಿ ಕಟ್ಟುತ್ತೆ.

ಹಾಗಾದರೆ ಯಾವುದು ಲಾಭ? ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಶೇಕಡಾ 20ರವರು ಪೆಟ್ರೋಲ್ ಕಾರು ತಗೊಂಡರೆ 360 ಪೌಂಡ್ ಕೈತಪ್ಪುತ್ತೆ, ಮೇಲೆ 160 ತೆರಿಗೆ. ಒಟ್ಟು 520. ಅಂದರೆ ಆ ಕಾರು ನಿಮಗೆ ತಿಂಗಳಿಗೆ 520 ಪೌಂಡಿಗೆ ಬಿತ್ತು. ಎಲೆಕ್ಟ್ರಿಕ್ ಆದರೆ 360 ಮತ್ತು 20, ಒಟ್ಟು 380. ಶೇಕಡಾ 40ರವರಿಗೆ ಪೆಟ್ರೋಲ್ ಕಾರು 610, ಎಲೆಕ್ಟ್ರಿಕ್ 330. ಈಗ ನಿಮ್ಮನ್ನ ನೀವೇ ಕೇಳಿಕೊಳ್ಳಿ: ಅಷ್ಟು ದುಡ್ಡಲ್ಲಿ ನನಗೆ ಬೇಕಾದ ಕಾರಿನ ಕಂತು, ಇನ್ಶೂರೆನ್ಸ್, ಸರ್ವೀಸ್, ಟಯರ್, ರೋಡ್ ಟ್ಯಾಕ್ಸ್ ಎಲ್ಲಾ ಮುಗಿಯುತ್ತಾ? ಹೊಸದಾಗಿ ಬಂದವರಿಗೆ ಇಲ್ಲಿ ಇನ್ಶೂರೆನ್ಸ್ ದುಬಾರಿ. ಅಂಥವರಿಗೆ ಕಂಪನಿ ಕಾರು ಒಳ್ಳೆಯದಾಗಬಹುದು. ಹತ್ತು ವರ್ಷದಿಂದ ಇದ್ದು, ಹಳೆಯ ಚಿಕ್ಕ ಕಾರಲ್ಲೇ ನೆಮ್ಮದಿಯಾಗಿರೋರಿಗೆ ಅಲೋಯನ್ಸೇ ವಾಸಿ. ಎಲ್ಲರಿಗೂ ಒಂದೇ ಉತ್ತರ ಇಲ್ಲ.

ಇಲ್ಲೇ ವೀಸಾದ ವಿಷಯವನ್ನೂ ಹೇಳಿಬಿಡ್ತೀನಿ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಂಬಳದ ಮಿತಿ ನೋಡುವಾಗ ಲೆಕ್ಕಕ್ಕೆ ತಗೊಳ್ಳೋದು ಖಾತರಿಯಾದ ಮೂಲ ಸಂಬಳ ಮಾತ್ರ. ಅಲೋಯನ್ಸ್ ಸೇರೋದಿಲ್ಲ. ಕಂಪನಿ ಕಾರು ಸೇರೋದಿಲ್ಲ ಅಂತ ನಿಯಮದಲ್ಲಿ ಹೆಸರು ಹಿಡಿದೇ ಬರೆದಿದ್ದಾರೆ. 2025ರ ಜುಲೈಯಿಂದ ಸಾಮಾನ್ಯ ಮಿತಿ 41,700 ಪೌಂಡ್. ಅದೇ ಮಿತಿ ನಿಮಗೂ ಅನ್ವಯಿಸೋದಾದರೆ, 38,000 ಸಂಬಳ ಮತ್ತು 6,000 ಕಾರ್ ಅಲೋಯನ್ಸ್ ಸೇರಿ 44,000 ಆಯ್ತಲ್ಲ ಅಂತ ಸಮಾಧಾನ ಪಡಬೇಡಿ. ಅವರು ನೋಡೋದು 38,000ನೇ. ಸಂಬಳದಲ್ಲಿ ಒಂದು ಭಾಗ ಬಿಟ್ಟುಕೊಟ್ಟು ಎಲೆಕ್ಟ್ರಿಕ್ ಕಾರು ತಗೊಳ್ಳೋ ಸ್ಯಾಲರಿ ಸ್ಯಾಕ್ರಿಫೈಸ್ ಯೋಜನೆಗಳೂ ಇವೆ. ತೆರಿಗೆಯ ದೃಷ್ಟಿಯಿಂದ ಬಹಳ ಜನರಿಗೆ ಲಾಭವೇ. ಆದರೆ ಅದರಲ್ಲಿ ಒಪ್ಪಂದದ ಸಂಬಳವೇ ಇಳಿಯುತ್ತೆ. ಸ್ಪಾನ್ಸರ್ ವೀಸಾದಲ್ಲಿರೋರು ಸಹಿಗೆ ಮುಂಚೆ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ನಡುವೆ ಕೆಲಸ ಬಿಟ್ಟರೆ ಕಾರಿಗೆ ಎಷ್ಟು ದಂಡ ಕಟ್ಟಬೇಕು ಅನ್ನೋದನ್ನೂ ಓದಿಕೊಳ್ಳಿ.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರವಾದ್ದು: ಸ್ವಂತ ಕಾರಿನಲ್ಲಿ ಕಂಪನಿ ಕೆಲಸ. ಇಲ್ಲಿ ತೆರಿಗೆ ಕಟ್ಟೋದಲ್ಲ, ವಾಪಸ್ ಕೇಳೋದು. ವರ್ಷದ ಮೊದಲ 10,000 ಮೈಲಿಗೆ ಮೈಲಿಗೆ 45 ಪೆನ್ಸ್, ಆಮೇಲಿನದಕ್ಕೆ 25 ಪೆನ್ಸ್ ತನಕ ಕಂಪನಿ ಕೊಟ್ಟರೆ ಅದಕ್ಕೆ ತೆರಿಗೆ ಇಲ್ಲ. ಅದಕ್ಕಿಂತ ಕಡಿಮೆ ಕೊಟ್ಟರೆ, ಕಡಿಮೆಯಾದ ಮೊತ್ತಕ್ಕೆ ತೆರಿಗೆ ವಿನಾಯಿತಿ ಕೇಳೋ ಹಕ್ಕು ನಿಮಗಿದೆ.

ಒಬ್ಬ ಅಕ್ಕ ಕೇರ್ ಕೆಲಸ ಮಾಡ್ತಾರೆ ಅಂದುಕೊಳ್ಳಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡಿ ವರ್ಷಕ್ಕೆ 6,000 ಮೈಲಿ. ಕಂಪನಿ ಕೊಡೋದು ಮೈಲಿಗೆ 20 ಪೆನ್ಸ್. ಕಡಿಮೆಯಾದದ್ದು 25 ಪೆನ್ಸ್, ಅಂದರೆ 1,500 ಪೌಂಡ್. ಆ 1,500 ಪೂರ್ತಿ ವಾಪಸ್ ಬರೋದಿಲ್ಲ, ಅದರ ಮೇಲಿನ ತೆರಿಗೆ ಬರುತ್ತೆ. ಶೇಕಡಾ 20ರಂತೆ 300 ಪೌಂಡ್. ಹಿಂದಿನ ನಾಲ್ಕು ತೆರಿಗೆ ವರ್ಷದ್ದೂ ಕೇಳಬಹುದು. ಅಷ್ಟೂ ವರ್ಷ ಹೀಗೇ ಓಡಾಡಿದ್ದರೆ 1,200 ಪೌಂಡ್. ಬೆಂಗಳೂರಿಗೆ ಹೋಗಿ ಬರೋ ಟಿಕೆಟ್ಟಿನ ಹಣ ಅಲ್ವಾ ಅದು! ಇದನ್ನ ಯಾರೂ ತಾವಾಗಿ ತಂದು ಕೊಡೋದಿಲ್ಲ. ಕೇಳಿದವರಿಗೆ ಮಾತ್ರ ಸಿಗುತ್ತೆ.

ಕೇಳೋದು ಕಷ್ಟವಲ್ಲ. ಪಿ87 ಅನ್ನೋ ಫಾರಂ ಇದೆ. ವರ್ಷದ ಮೊತ್ತ 2,500 ಪೌಂಡ್ ಒಳಗಿದ್ದು, ನೀವು ಸೆಲ್ಫ್ ಅಸೆಸ್‌ಮೆಂಟ್ ರಿಟರ್ನ್ ಹಾಕೋರಲ್ಲದಿದ್ದರೆ ಅದರಲ್ಲೇ ಮುಗಿಯುತ್ತೆ. ಆದರೆ ಮೈಲಿಯ ಲೆಕ್ಕದ ಪ್ರತಿ ಕಳಿಸಬೇಕು. ಯಾವ ದಿನ, ಯಾವ ಪೋಸ್ಟ್‌ಕೋಡಿನಿಂದ ಯಾವ ಪೋಸ್ಟ್‌ಕೋಡಿಗೆ, ಯಾವ ಕೆಲಸಕ್ಕೆ, ಎಷ್ಟು ಮೈಲಿ. ದಿನಾ ರಾತ್ರಿ ಎರಡು ನಿಮಿಷ ಸಾಕು. ಮನೆಯಿಂದ ಮಾಮೂಲಿ ಕೆಲಸದ ಜಾಗಕ್ಕೆ ಹೋದದ್ದನ್ನ ಸೇರಿಸಬೇಡಿ. "ನಿಮ್ಮ ರಿಫಂಡ್ ನಾವು ತರಿಸಿಕೊಡ್ತೀವಿ" ಅಂತ ಜಾಹೀರಾತು ಹಾಕೋ ಏಜೆಂಟರು ಅದರಲ್ಲಿ ಒಂದು ಪಾಲು ಹಿಡಿದುಕೊಳ್ತಾರೆ. ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಿದರೆ ಒಂದು ಪೆನ್ನಿಯೂ ಖರ್ಚಿಲ್ಲ.

ಅಲೋಯನ್ಸ್ ತಗೊಂಡು ಸ್ವಂತ ಕಾರು ಓಡಿಸೋ ಐಟಿ, ಸೇಲ್ಸ್‌ನವರಿಗೂ ಇದೇ ಹಕ್ಕು ಇದೆ. ಕಂಪನಿ ಮೈಲಿಗೆ 15 ಪೆನ್ಸ್ ಕೊಟ್ಟು, ನೀವು 5,000 ಮೈಲಿ ಕೆಲಸಕ್ಕೆ ಓಡಿಸಿದ್ದರೆ, ಉಳಿದ 30 ಪೆನ್ಸಿನಂತೆ 1,500 ಪೌಂಡಿಗೆ ವಿನಾಯಿತಿ. ಶೇಕಡಾ 40ರವರಿಗೆ 600 ಪೌಂಡ್. ಕಂಪನಿ ಕಾರು ಓಡಿಸೋರಿಗೆ ಮಾತ್ರ ಈ 45 ಪೆನ್ಸಿನ ಲೆಕ್ಕ ಇಲ್ಲ.

ಕೊನೆಗೆ, ಆಫರ್ ಲೆಟರಿನಲ್ಲಿ "ಕಾರು" ಅನ್ನೋ ಪದ ಕಂಡರೆ ಐದು ಪ್ರಶ್ನೆ ಕೇಳಿ. ಪಟ್ಟಿ ಬೆಲೆ ಎಷ್ಟು? ಹೊಗೆ ಎಷ್ಟು ಗ್ರಾಂ? ಸ್ವಂತ ಓಡಾಟದ ಪೆಟ್ರೋಲ್ ಯಾರದು? ಬೇಡ ಅಂದರೆ ಅಲೋಯನ್ಸ್ ಎಷ್ಟು? ಸ್ವಂತ ಕಾರು ಓಡಿಸಿದರೆ ಮೈಲಿಗೆ ಎಷ್ಟು? ಕೇಳಿದರೆ ಕೆಲಸ ಕೊಡೋರು ಏನಂದುಕೊಳ್ತಾರೋ ಅನ್ನೋ ಸಂಕೋಚ ನಮ್ಮವರಿಗೆ ಜಾಸ್ತಿ. ಅವರು ಏನೂ ಅಂದುಕೊಳ್ಳೋದಿಲ್ಲ. ಇಲ್ಲಿನವರು ದಿನಾ ಕೇಳೋ ಪ್ರಶ್ನೆಗಳೇ ಇವು.

ಕೂಟದಲ್ಲಿರೋ ಕೇರ್ ಕೆಲಸದ ಅಕ್ಕತಂಗಿಯರು, ಅಣ್ಣತಮ್ಮಂದಿರು ಊಟ ಆದ ಮೇಲೆ ಹಿಂದಿನ ಮೇಜಿನ ಹತ್ತಿರ ಬನ್ನಿ. ಮೈಲಿ ಲೆಕ್ಕ ಬರೆದುಕೊಳ್ಳೋಕೆ ಗೆರೆ ಹಾಕಿದ ಹಾಳೆಗಳನ್ನ ಇಟ್ಟಿದ್ದೀನಿ. ಇವತ್ತಿನ ತಾರೀಖಿನಿಂದಲೇ ಶುರು ಮಾಡಿ.