ಹಡಗಿನ ಮೇಲಣ ಒಂದು ಗೆರೆ

ಸರಕು ಹೊರುವ ಹಡಗಿನ ಪಾರ್ಶ್ವದಲ್ಲಿ, ನಡುಭಾಗದಲ್ಲಿ, ಒಂದು ವೃತ್ತವನ್ನೂ ಅದನ್ನು ಅಡ್ಡಹಾಯುವ ಗೆರೆಯನ್ನೂ ಬರೆದಿರುತ್ತಾರೆ. ಆ ಗುರುತು ನೀರಿನಲ್ಲಿ ಮುಳುಗುವಷ್ಟು ಸರಕು ಹೇರಕೂಡದೆಂಬುದು ಅದರ ತಾತ್ಪರ್ಯ. ಈ ಗೆರೆಗೆ ಸ್ಯಾಮ್ಯುಯೆಲ್ ಪ್ಲಿಮ್ಸಾಲನ ಹೆಸರು ನಿಂತಿದೆ. ಆತನು ನಾವಿಕನಲ್ಲ, ಹಡಗು ಕಟ್ಟುವ ಶಿಲ್ಪಿಯೂ ಅಲ್ಲ, ಕಲ್ಲಿದ್ದಲಿನ ವರ್ತಕ.

ಪ್ಲಿಮ್ಸಾಲನು 1824ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಜನಿಸಿದನು. ಷೆಫೀಲ್ಡಿನ ಮದ್ಯದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ ಸೇರಿ, ವ್ಯವಸ್ಥಾಪಕನ ಪದವಿಗೇರಿದನು. 1853ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನ ವ್ಯಾಪಾರ ಹೂಡಿ ಕೈಸುಟ್ಟುಕೊಂಡನು. ಕೆಲಕಾಲ ವಾರಕ್ಕೆ ಎಂಟು ಷಿಲ್ಲಿಂಗಿಗೂ ಕಡಮೆ ಹಣದಲ್ಲಿ, ಕೂಲಿಗಾರರು ತಂಗುವ ಅಗ್ಗದ ವಸತಿಗೃಹದಲ್ಲಿ ಬಾಳಬೇಕಾಯಿತು. ಬಡವರು ಬಡವರಿಗೆ ಹೇಗೆ ನೆರವಾಗುವರೆಂಬುದನ್ನು ಅವನು ಅಲ್ಲಿ ಕಂಡನು. ಸಿರಿ ಮರಳಿ ಬಂದ ಮೇಲೂ ಅದನ್ನು ಮರೆಯಲಿಲ್ಲ. 1868ರಲ್ಲಿ ಡರ್ಬಿ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಪಾರ್ಲಿಮೆಂಟನ್ನು ಪ್ರವೇಶಿಸಿದನು.

ಆ ಕಾಲದ ಹಡಗು ವ್ಯಾಪಾರದಲ್ಲಿ ಒಂದು ಕ್ರೂರವಾದ ಲೆಕ್ಕಾಚಾರವಿತ್ತು. ಸರಕು ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು. ಹಳೆಯ ಹಡಗಿಗೂ ಅದರ ಬೆಲೆಯನ್ನು ಮೀರಿ ವಿಮೆ ಮಾಡಿಸಬಹುದಾಗಿತ್ತು. ಹಡಗು ದಡ ಸೇರಿದರೆ ಒಡೆಯನಿಗೆ ಲಾಭ; ಮುಳುಗಿದರೂ ನಷ್ಟವಿಲ್ಲ. ನಷ್ಟವಾದುದು ನಾವಿಕನ ಹೆಂಡತಿ ಮಕ್ಕಳಿಗೆ. ಕರಾರಿಗೆ ರುಜು ಹಾಕಿದ ಮೇಲೆ, 'ಈ ಹಡಗು ಭದ್ರವಾಗಿಲ್ಲ, ನಾನು ಹತ್ತೆನು' ಎಂದ ನಾವಿಕನಿಗೆ ಸೆರೆಮನೆಯ ಭಯ. ಇಂಥ ಹಡಗುಗಳನ್ನು ಜನರು 'ಶವಪೆಟ್ಟಿಗೆಗಳು' ಎಂದೇ ಕರೆಯುತ್ತಿದ್ದರು.

ಜೇಮ್ಸ್ ಹಾಲ್ ಎಂಬ ಹಡಗಿನೊಡೆಯನೇ ಈ ಅನ್ಯಾಯದ ವಿರುದ್ಧ ಮೊದಲು ದನಿಯೆತ್ತಿದ್ದನು. ಪ್ಲಿಮ್ಸಾಲನು ಆ ದನಿಯನ್ನು ದೇಶಕ್ಕೆಲ್ಲ ಕೇಳಿಸಿದನು. 1873ರಲ್ಲಿ ಅವನು ನಾವಿಕರ ಪಾಡನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಹಡಗಿನೊಡೆಯರು ಮಾನನಷ್ಟದ ಮೊಕದ್ದಮೆಗಳನ್ನು ಹೂಡಿದರು. ಸರ್ಕಾರವು ವಿಚಾರಣಾ ಆಯೋಗವನ್ನು ನೇಮಿಸಿತು.

1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿಯು, ಬೇಸಾಯಗಾರರ ಹಿಡುವಳಿಗಳ ಮಸೂದೆಗೆ ಕಾಲ ಬೇಕೆಂದು, ಹಡಗುಗಳ ಮಸೂದೆಯನ್ನು ಕೈಬಿಡುವುದಾಗಿ ಸಾರಿದನು. ಮುಂದಿನ ಅಧಿವೇಶನದವರೆಗೆ ಇನ್ನೆಷ್ಟು ನಾವಿಕರು ನೀರುಪಾಲಾಗಬೇಕು? ಪ್ಲಿಮ್ಸಾಲನ ಸಹನೆ ಮೀರಿತು. ನಾವಿಕರನ್ನು ಸಾವಿಗೆ ದೂಡುವವರು ದುಷ್ಟರೆಂದು ಸಭೆಯಲ್ಲಿಯೇ ಗರ್ಜಿಸಿದನು. ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪದೆ ಹೊರನಡೆದನು. ವಾರದ ಬಳಿಕ ಸಭಾಮರ್ಯಾದೆ ಮೀರಿದುದಕ್ಕೆ ಕ್ಷಮೆ ಕೋರಿದನು. ಅಷ್ಟರಲ್ಲಿ ದೇಶದ ಜನಾಭಿಪ್ರಾಯ ಕೆರಳಿ, ಸರ್ಕಾರವು ಅದೇ ವರ್ಷ ತಾತ್ಕಾಲಿಕ ಶಾಸನವನ್ನೂ 1876ರಲ್ಲಿ ಸ್ಥಿರವಾದ ಶಾಸನವನ್ನೂ ಮಾಡಬೇಕಾಯಿತು.

ಆದರೂ ಅದರಲ್ಲಿ ಒಂದು ಕೊರತೆ ಉಳಿಯಿತು. ಗೆರೆ ಕಡ್ಡಾಯವಾಯಿತು; ಅದನ್ನು ಎಲ್ಲಿ ಬರೆಯಬೇಕೆಂಬುದು ಒಡೆಯನ ಇಚ್ಛೆಗೇ ಸೇರಿತ್ತು! 1890ರ ಶಾಸನವು ಗೆರೆಯ ಸ್ಥಾನವನ್ನು ನಿಯಮಕ್ಕೆ ಒಳಪಡಿಸಿತು. 1930ರಲ್ಲಿ ಲಂಡನ್ನಿನಲ್ಲಿ ಅನೇಕ ರಾಷ್ಟ್ರಗಳು ಕೂಡಿ ಇದನ್ನು ಅಂತರರಾಷ್ಟ್ರೀಯ ಒಪ್ಪಂದವಾಗಿಸಿದವು. ಇದನ್ನು ಕಾಣಲು ಪ್ಲಿಮ್ಸಾಲನಿರಲಿಲ್ಲ, 1898ರಲ್ಲಿಯೇ ತೀರಿಕೊಂಡಿದ್ದನು.

ಶಾಸನಸಭೆಗೆ ವರ್ತಕನು ಬಂದರೆ ತನ್ನ ವರ್ಗದ ಹಿತವನ್ನೇ ಕಾಯುವನೆಂಬ ಶಂಕೆ ಸಹಜ. ಪ್ಲಿಮ್ಸಾಲನಾದರೋ ವ್ಯಾಪಾರದಿಂದ ಕಲಿತ ಲೆಕ್ಕವನ್ನೇ ಸಭೆಗೆ ತಂದನು. ಲಾಭ ಯಾರಿಗೆ, ಅಪಾಯ ಯಾರಿಗೆ ಎಂಬ ಎರಡೇ ಪ್ರಶ್ನೆಗಳನ್ನು ಕೇಳಿದನು. ಇವೆರಡೂ ಬೇರೆ ಬೇರೆಯವರ ಪಾಲಾದಾಗ ಶಾಸನವು ನಡುವೆ ಬರಬೇಕೆಂಬುದೇ ಆ ಗೆರೆಯ ಪಾಠ.